ಮೂರು ಸಾವಿರದ ಆಸಿಲೋಸ್ಕೋಪ್ ‘ಇಲ್ಲ’ ಎಂದರೆ ನಂಬಬೇಡಿ

ಪ್ರಶ್ನೆ: ಶಿರಸಿ ತಾಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಬಿಡುವಿನಲ್ಲಿ ಎಲೆಕ್ಟ್ರಾನಿಕ್ಸ್ ಹವ್ಯಾಸ. ಇಎಸ್‌ಪಿ32 ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು ಬಳಸಿ ತೋಟದ ಪಂಪ್ ಚಾಲೂ ಮಾಡುವ ಪೆಟ್ಟಿಗೆ ಕಟ್ಟಿದ್ದೇನೆ. ಪಂಪ್ ಶುರುವಾಗುವ ಹೊತ್ತಿಗೆ ಅದು ಒಮ್ಮೊಮ್ಮೆ ತಾನಾಗಿಯೇ ರೀಸೆಟ್ ಆಗುತ್ತದೆ. ಅಡಿಕೆ ಡ್ರೈಯರಿನೊಳಗೆ ತಾಪ-ತೇವಾಂಶ ಅಳೆಯುವ ಎಸ್‌ಎಚ್‌ಟಿ31 ಸೆನ್ಸರ್ ಇಟ್ಟು ಎಂಟು ಮೀಟರ್ ತಂತಿ ಎಳೆದಿದ್ದೇನೆ. ಅದು ಆಗಾಗ ಮಾತು ನಿಲ್ಲಿಸುತ್ತದೆ. ಊರಿನ ಮೈಕ್ ಸೆಟ್‌ನವರ ಆಂಪ್ಲಿಫೈಯರ್ ಕೂಡ ನನ್ನಲ್ಲಿಗೇ ರಿಪೇರಿಗೆ ಬರುತ್ತದೆ. ನನ್ನ ಬಳಿ ಇರುವುದು ಮಲ್ಟಿಮೀಟರ್ ಒಂದೇ. ಆನ್‌ಲೈನಿನಲ್ಲಿ ಸುಮಾರು ಮೂರು ಸಾವಿರ ರೂಪಾಯಿಗೆ ಅಂಗೈಯಗಲದ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ನೋಡಿದೆ: ಒಂದೇ ಚಾನೆಲ್, 200 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್, ಸೆಕೆಂಡಿಗೆ 25 ಲಕ್ಷ ಸ್ಯಾಂಪಲ್, ಒಳಗೆ ಬ್ಯಾಟರಿ. ಕೊಳ್ಳಬಹುದೇ, ಅಥವಾ ಅದು ಬರೀ ಆಟಿಕೆಯೇ? ಇನ್ನೊಂದು ಮಾತು: ತದಡಿಯ ಸ್ನೇಹಿತನೊಬ್ಬ ದೋಣಿಯ ಫಿಶ್ ಫೈಂಡರ್ ಕೆಟ್ಟಿದೆ ಎಂದು ತಂದುಕೊಟ್ಟಿದ್ದಾನೆ. ಅದನ್ನೂ ಇದರಲ್ಲಿ ನೋಡಬಹುದೇ?

ಉತ್ತರ: ಆಸಿಲೋಸ್ಕೋಪ್ ಕೊಳ್ಳಬೇಕೆಂದು ಕೇಳುವವರಲ್ಲಿ ಹೆಚ್ಚಿನವರು ಮಾಡೆಲ್ ಹೆಸರು ಬರೆದು ‘ಇದು ಚೆನ್ನಾಗಿದೆಯೇ’ ಎನ್ನುತ್ತಾರೆ. ನೀವು ಕೆಲಸಗಳ ಪಟ್ಟಿ ಕೊಟ್ಟಿದ್ದೀರಿ. ಹಾಗಾಗಿ ಉತ್ತರ ಕೊಡುವುದು ಸುಲಭವಾಯಿತು. ಕೊಳ್ಳಿ. ಆದರೆ ಒಂದು ಷರತ್ತಿದೆ: ಈ ವರ್ಗದ ಉಪಕರಣ ‘ಇಗೋ, ಇಲ್ಲಿ ದೋಷವಿದೆ’ ಎಂದು ತೋರಿಸಿದರೆ ಬಹುಮಟ್ಟಿಗೆ ನಂಬಬಹುದು, ‘ಏನೂ ದೋಷವಿಲ್ಲ’ ಎಂದು ತೋರಿಸಿದರೆ ನಂಬಬಾರದು. ಪಂಪ್ ಪೆಟ್ಟಿಗೆ, ಸೆನ್ಸರ್, ಆಂಪ್ಲಿಫೈಯರ್ ಮೂರರಲ್ಲೂ ಈ ವ್ಯತ್ಯಾಸ ಹೇಗೆ ಬರುತ್ತದೆ ಎಂಬುದನ್ನೇ ಮುಂದೆ ಬರೆದಿದ್ದೇನೆ.

ಮೊದಲು ಅಂಕಿಗಳ ವಿಚಾರ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ, ಸೆಕೆಂಡಿಗೆ ಎಷ್ಟು ಸಲ ವೋಲ್ಟೇಜ್ ಓದುತ್ತದೆ ಎಂಬ, ಸ್ಯಾಂಪಲ್‌ಗಳ ಲೆಕ್ಕ. ನಿಮಗೆ ಬೇಕಾದದ್ದು, ಎಷ್ಟು ಚುರುಕಾದ ಅಲೆಯವರೆಗೆ ನೋಡಬಲ್ಲದು ಎಂದು ಹೇಳುವ, ಸಣ್ಣಕ್ಷರದಲ್ಲಿರುವ ಬ್ಯಾಂಡ್‌ವಿಡ್ತ್. 200 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್ ಎಂದರೆ 200 ಕಿಲೋಹರ್ಟ್ಸ್‌ವರೆಗೆ ಎಲ್ಲವೂ ಸರಿಯಾಗಿ ಕಾಣುತ್ತದೆ ಎಂದಲ್ಲ. ಆ ಹಂತಕ್ಕೆ ಬರುವಷ್ಟರಲ್ಲಿ ಅಲೆಯ ಎತ್ತರ ಶೇ. 70ಕ್ಕೆ ಇಳಿದಿರುತ್ತದೆ ಎಂದರ್ಥ. ಒಂದು ವೋಲ್ಟ್ ಇದ್ದದ್ದು ಪರದೆಯಲ್ಲಿ ಏಳು ಗೆರೆಯ ಬದಲು ಐದು ಗೆರೆ ಏರುತ್ತದೆ, ಅಷ್ಟೇ. ಅದು ಶುದ್ಧ ಸೈನ್ ಅಲೆಯ ಮಾತಾಯಿತು. ಹವ್ಯಾಸಿಗಳು ನೋಡುವುದು ಹೆಚ್ಚಾಗಿ ಚೌಕ ತರಂಗ. ಚೌಕ ಚೌಕವಾಗಿ ಕಾಣಬೇಕಾದರೆ ಅದರ ಮೂರು ಪಟ್ಟು, ಐದು ಪಟ್ಟು ಆವರ್ತನಗಳೂ ಒಳಗೆ ಬರಬೇಕು. ಆದ್ದರಿಂದ 200 ಕಿಲೋಹರ್ಟ್ಸ್‌ನ ಉಪಕರಣದಲ್ಲಿ ಚೌಕದ ಆಕಾರವನ್ನು ನಂಬಬಹುದಾದದ್ದು 40 ಕಿಲೋಹರ್ಟ್ಸ್‌ವರೆಗೆ. ಅದರಿಂದ ಮೇಲೆ ಮೂಲೆಗಳು ಉರುಟಾಗುತ್ತ ಹೋಗುತ್ತವೆ. 200ಕ್ಕೆ ಬಂದಾಗ ಚೌಕವೂ ಸೈನಿನಂತೆಯೇ ಕಾಣುತ್ತದೆ.

ಇನ್ನೊಂದು ಸೂತ್ರ ಬೆಂಚಿನ ಎದುರು ಬರೆದಿಟ್ಟುಕೊಳ್ಳಿ: 0.35 ಅನ್ನು ಬ್ಯಾಂಡ್‌ವಿಡ್ತಿನಿಂದ ಭಾಗಿಸಿದರೆ ಆ ಉಪಕರಣ ತೋರಿಸಬಲ್ಲ ಅತಿ ಚುರುಕಾದ ಏರಿಕೆಯ ಸಮಯ ಸಿಗುತ್ತದೆ. 200 ಕಿಲೋಹರ್ಟ್ಸ್‌ಗೆ ಅದು 1.75 ಮೈಕ್ರೋಸೆಕೆಂಡ್. ಇಎಸ್‌ಪಿ32ರ ಪಿನ್ನು ಕೆಲವೇ ನ್ಯಾನೋಸೆಕೆಂಡಿನಲ್ಲಿ ಮೇಲೇರಿದರೂ ನಿಮ್ಮ ಪರದೆಯಲ್ಲಿ 1.75 ಮೈಕ್ರೋಸೆಕೆಂಡಿನ ಏರು ಕಾಣುತ್ತದೆ. ಆ ಓರೆ ಉಪಕರಣದ್ದು, ಪಿನ್ನಿನದ್ದಲ್ಲ.

ಸ್ಯಾಂಪಲ್ ವಿಚಾರದಲ್ಲಿ ಮೋಸ ಹೋಗುವುದು ಬೇರೆ ದಾರಿಯಲ್ಲಿ. ಸೆಕೆಂಡಿಗೆ 25 ಲಕ್ಷ ಸ್ಯಾಂಪಲ್ ಎಂಬುದು ಟೈಂಬೇಸ್ (ಪರದೆಯ ಅಗಲದಲ್ಲಿ ಎಷ್ಟು ಹೊತ್ತು ತೋರಿಸಬೇಕೆಂಬ ಹೊಂದಿಕೆ) ಚುರುಕಾಗಿಟ್ಟಾಗ ಮಾತ್ರ. ಈ ಬೆಲೆಯ ಉಪಕರಣಗಳ ನೆನಪು ಬಹಳ ಚಿಕ್ಕದು. ಈ ವರ್ಗಕ್ಕೆ ಹೆಸರು ತಂದ ಡಿಎಸ್‌ಓ138 ಕಿಟ್‌ನಲ್ಲಿ 1024 ಬಿಂದು. ಟೈಂಬೇಸನ್ನು ನಿಧಾನಕ್ಕೆ ತಿರುಗಿಸಿ ಪರದೆಯ ಉದ್ದಕ್ಕೂ ಹತ್ತು ಸೆಕೆಂಡ್ ಹಿಡಿಯಲು ಹೊರಟರೆ ಅದೇ ಸಾವಿರ ಬಿಂದುಗಳನ್ನು ಹತ್ತು ಸೆಕೆಂಡಿಗೆ ಹಂಚಬೇಕು. ಆಗ ಸಿಗುವುದು ಸೆಕೆಂಡಿಗೆ ನೂರು ಸ್ಯಾಂಪಲ್. ಆರ್ಡುಯಿನೊ ಉನೊ ಬೋರ್ಡಿನ 490 ಹರ್ಟ್ಸ್ ಪಿಡಬ್ಲ್ಯೂಎಂ (ಬೇಗ ಬೇಗ ಆನ್-ಆಫ್ ಆಗುವ ಚೌಕ ಸಂಕೇತ) ಅನ್ನು ಹಾಗೆ ನೋಡಿದರೆ 10 ಹರ್ಟ್ಸ್‌ನ ಚೆಂದದ ಚೌಕ ತರಂಗವೊಂದು ಕಾಣಿಸಿಕೊಳ್ಳುತ್ತದೆ. ಅಂಥದ್ದು ತಂತಿಯಲ್ಲಿ ಇಲ್ಲವೇ ಇಲ್ಲ. ಕಾರವಾರದ ಕಡಲತೀರಕ್ಕೆ ದಿನಕ್ಕೊಮ್ಮೆ, ಬೆಳಗಿನ ಏಳು ಗಂಟೆಗೆ ಮಾತ್ರ ಹೋಗಿ ನೀರಿನ ಮಟ್ಟ ಬರೆದುಕೊಳ್ಳುವವನನ್ನು ಊಹಿಸಿ. ಸಮುದ್ರ ಉಬ್ಬುವುದು ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ; ಅವನ ಪುಸ್ತಕದಲ್ಲಿ ಮಾತ್ರ ಹದಿನೈದು ದಿನಕ್ಕೊಮ್ಮೆ ಉಬ್ಬುತ್ತದೆ. ಅವನು ಬರೆದ ಒಂದೊಂದು ಅಂಕಿಯೂ ನಿಜ, ಅವುಗಳಿಂದ ಬಿಡಿಸಿದ ಚಿತ್ರ ಸುಳ್ಳು. ಆದ್ದರಿಂದ ಪರದೆಯಲ್ಲಿ ಯಾವುದೇ ಅಲೆ ಕಂಡರೂ ಟೈಂಬೇಸನ್ನು ಎರಡು ಮೂರು ಹೆಜ್ಜೆ ಚುರುಕಾಗಿಸಿ ಮತ್ತೆ ನೋಡಿ. ನಿಜವಾದ ಅಲೆಯಾದರೆ ಹಿಗ್ಗಿ ಕಾಣುತ್ತದೆ, ಆವರ್ತನ ಮೊದಲಿನಷ್ಟೇ ಇರುತ್ತದೆ. ಸುಳ್ಳಾದರೆ ಬೇರೆಯೇ ಅಂಕಿ ಹೇಳುತ್ತದೆ.

ಈಗ ನಿಮ್ಮ ಪಂಪ್ ಪೆಟ್ಟಿಗೆ. ಹಣ ಖರ್ಚು ಮಾಡುವ ಮೊದಲು ಇಎಸ್‌ಪಿ32 ಅನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಸೀರಿಯಲ್ ಮಾನಿಟರ್ ತೆರೆದಿಡಿ. ರೀಸೆಟ್ ಆದ ಕೂಡಲೇ ಅದು ಕಾರಣವನ್ನು ಮುದ್ರಿಸುತ್ತದೆ. ‘ಬ್ರೌನ್‌ಔಟ್’ ಎಂಬ ಪದ ಬಂದರೆ ಚಿಪ್ಪಿಗೆ ಹೋಗುವ ವೋಲ್ಟೇಜ್ ಕುಸಿದಿದೆ ಎಂದಾಯಿತು. ಲ್ಯಾಪ್‌ಟಾಪಿನಿಂದಲೇ ವಿದ್ಯುತ್ ಸಿಕ್ಕಿ ರೋಗ ಮಾಯವಾದರೆ ಅದೂ ಒಂದು ಸುಳಿವೇ: ದೋಷ ನಿಮ್ಮ ಅಡಾಪ್ಟರ್ ಅಥವಾ ಅದರ ತಂತಿಯ ಕಡೆಗಿದೆ.

ಕುಸಿತವನ್ನು ಕಣ್ಣಾರೆ ನೋಡುವುದಕ್ಕೆ ಈ ಮೂರು ಸಾವಿರದ ಉಪಕರಣ ಧಾರಾಳ ಸಾಕು. ಮಲ್ಟಿಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಓದುತ್ತದೆ. ಐದು ಮಿಲಿಸೆಕೆಂಡಿನ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. ಆಸಿಲೋಸ್ಕೋಪಿಗೆ ಐದು ಮಿಲಿಸೆಕೆಂಡ್ ಎಂದರೆ ದೊಡ್ಡ ಬಯಲು. ಪ್ರೋಬಿನ (ಉಪಕರಣದ ಅಳೆಯುವ ತಂತಿಯ) ನೆಲದ ಕ್ಲಿಪ್ಪನ್ನು ಬೋರ್ಡಿನ ಗ್ರೌಂಡಿಗೆ, ತುದಿಯನ್ನು 3.3 ವೋಲ್ಟ್ ಪಿನ್ನಿಗೆ ಹಾಕಿ. ಕಪ್ಲಿಂಗ್ ಡಿಸಿ (ಸ್ಥಿರ ವೋಲ್ಟೇಜೂ ಕಾಣುವ ಸ್ಥಾನ), ಗೆರೆಯೊಂದಕ್ಕೆ 1 ವೋಲ್ಟ್, ಟೈಂಬೇಸ್ ಗೆರೆಯೊಂದಕ್ಕೆ 2 ಮಿಲಿಸೆಕೆಂಡ್. ಟ್ರಿಗರ್ (ಚಿತ್ರ ಯಾವಾಗ ಹಿಡಿಯಬೇಕೆಂಬ ಗುರುತು) ಇಳಿಯುವ ಅಂಚಿಗೆ, ಮಟ್ಟ 3 ವೋಲ್ಟಿಗೆ, ವಿಧಾನ ‘ಸಿಂಗಲ್’. ಈಗ ಉಪಕರಣ ಕಾಯುತ್ತ ಕುಳಿತಿರುತ್ತದೆ. ಪಂಪ್ ಚಾಲೂ ಮಾಡಿ. ವೋಲ್ಟೇಜ್ ಮೂರರ ಕೆಳಗೆ ಇಳಿದ ಕ್ಷಣವೇ ಚಿತ್ರ ಹಿಡಿದು ನಿಲ್ಲುತ್ತದೆ. ಬಳಿಕ ಇದನ್ನೇ 5 ವೋಲ್ಟ್ ಪಿನ್ನಿನ ಮೇಲೆ, ಟ್ರಿಗರ್ ಮಟ್ಟವನ್ನು 4.5ಕ್ಕೆ ಏರಿಸಿ ಮಾಡಿ. ಬೋರ್ಡಿನ ಮೇಲೆ ಸಾಮಾನ್ಯವಾಗಿರುವ 1117 ಜಾತಿಯ ರೆಗ್ಯುಲೇಟರಿಗೆ ತನ್ನ ಔಟ್‌ಪುಟ್‌ಗಿಂತ ಒಂದು ವೋಲ್ಟಿಗೂ ಮಿಕ್ಕಿ ಹೆಚ್ಚು ಇನ್‌ಪುಟ್ ಬೇಕು. ಐದು ಇದ್ದದ್ದು ನಾಲ್ಕೂಕಾಲಿಗೆ ಕುಸಿದರೆ 3.3 ಉಳಿಯುವುದಿಲ್ಲ. ಐದೇ ಕುಸಿಯುತ್ತಿದ್ದರೆ ಅಡಾಪ್ಟರ್ ಬದಲಿಸಿ, ಸಣ್ಣ ತಂತಿಯ ಜಾಗಕ್ಕೆ ದಪ್ಪದ್ದನ್ನು ಹಾಕಿ. ಐದು ಗಟ್ಟಿಯಾಗಿದ್ದು 3.3 ಮಾತ್ರ ಬೀಳುತ್ತಿದ್ದರೆ ವೈ-ಫೈ ಕಳುಹಿಸುವಾಗಿನ ಹಠಾತ್ ಸೆಳೆತ ಕಾರಣವಿರಬಹುದು. ಆ ಪಿನ್ನಿಗೆ ಹತ್ತಿರವೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟು ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ ಪರದೆಯ ಗೆರೆ ನೆಟ್ಟಗೇ ಇದ್ದು, ರೀಸೆಟ್ ಮಾತ್ರ ನಡೆಯುತ್ತಲೇ ಇದ್ದರೆ? ‘ವಿದ್ಯುತ್ ಚೆನ್ನಾಗಿದೆ, ಪ್ರೋಗ್ರಾಮಿನಲ್ಲೇ ತಪ್ಪು’ ಎಂದು ತೀರ್ಮಾನಿಸಿ ಹತ್ತು ರಾತ್ರಿ ಕೋಡ್ ತಿದ್ದುವವರಿದ್ದಾರೆ. ಸ್ಟಾರ್ಟರಿನ ಕಾಂಟ್ಯಾಕ್ಟರ್ (ಪಂಪಿಗೆ ವಿದ್ಯುತ್ ಕೊಡುವ ದೊಡ್ಡ ರಿಲೇ) ಹಿಡಿದಾಗ ಇಲ್ಲವೇ ಬಿಟ್ಟಾಗ ಅದರ ಕಾಯಿಲಿನಿಂದ, ಕಿಡಿ ಹಾರುವ ತುದಿಗಳಿಂದ ಹೊರಡುವ ಏಟು ಕೆಲವು ಹತ್ತು ನ್ಯಾನೋಸೆಕೆಂಡಿನದ್ದು. 200 ಕಿಲೋಹರ್ಟ್ಸ್‌ನ ಕಣ್ಣಿಗೆ ಅದು ಹುಟ್ಟಲೇ ಇಲ್ಲ. ಇಲ್ಲಿ ಉಪಕರಣದ ‘ಇಲ್ಲ’ಕ್ಕೆ ಬೆಲೆಯಿಲ್ಲ. ಕಾಂಟ್ಯಾಕ್ಟರ್ ಕಾಯಿಲಿಗೆ ಅಡ್ಡಲಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್‌ನ ಸ್ನಬ್ಬರ್ (ಆ ಏಟನ್ನು ಹೀರುವ ರೆಸಿಸ್ಟರ್-ಕೆಪಾಸಿಟರ್ ಸರಣಿ) ಹಾಕಿಸಿ ನೋಡಿ. ಕೆಪಾಸಿಟರ್ ಮೇನ್ಸಿಗೆಂದೇ ಮಾಡಿದ ಎಕ್ಸ್2 ವರ್ಗದ್ದೇ ಇರಲಿ, ರೇಡಿಯೊ ಅಂಗಡಿಯ ಯಾವುದೋ ಡಿಸ್ಕ್ ಬೇಡ. ರಿಲೇ ತಂತಿಯನ್ನು ಸೆನ್ಸರ್ ತಂತಿಯಿಂದ ದೂರ ಎಳೆಯಿರಿ. ರೋಗ ಹೋದರೆ ಕಾರಣ ತಿಳಿದಂತೆಯೇ.

ಪಂಪ್ ಪೆಟ್ಟಿಗೆಯ ಬಗ್ಗೆ ಬರೆಯುವಾಗ ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಮನೆಯ 230 ವೋಲ್ಟ್ ಎಂದರೆ ಅಲೆಯ ತುದಿಯಲ್ಲಿ 325, ತುದಿಯಿಂದ ತುದಿಗೆ 650. ತೋಟದ ಮೂರು ಫೇಸ್ ಪಂಪಿನಲ್ಲಿ ಫೇಸಿನಿಂದ ಫೇಸಿಗೆ ತುದಿ 560 ದಾಟುತ್ತದೆ. ಸಣ್ಣ ಆಸಿಲೋಸ್ಕೋಪಿನ ಒಳಹರಿವಿನ ಮಿತಿ ಸಾಮಾನ್ಯವಾಗಿ ನಲವತ್ತು ಐವತ್ತು ವೋಲ್ಟ್. ಹತ್ತು ಪಟ್ಟು ತಗ್ಗಿಸುವ ಪ್ರೋಬ್ ಹಾಕಿದರೆ ನಾನೂರಾಯಿತಲ್ಲ ಎಂದು ಕೆಲವರು ವಾದಿಸುತ್ತಾರೆ. ಪ್ರೋಬಿನ ಸ್ವಿಚ್ ಬೆರಳು ತಾಗಿ ಒಂದರ ಕಡೆ ಜಾರಿದರೆ ಆ ವಾದವೂ ಹೋಯಿತು, ಉಪಕರಣವೂ ಹೋಯಿತು. ಅದಕ್ಕಿಂತ ದೊಡ್ಡ ಅಪಾಯ ಬ್ಯಾಟರಿಯದ್ದು. ಬ್ಯಾಟರಿಯಲ್ಲಿ ನಡೆಯುವ ಉಪಕರಣಕ್ಕೆ ಅರ್ಥಿಂಗ್ ಇಲ್ಲ. ನೆಲದ ಕ್ಲಿಪ್ಪನ್ನು ನೀವು ಫೇಸಿಗೆ ಹಾಕಿದರೆ ಫ್ಯೂಸ್ ಹಾರದೆ ಸುಮ್ಮನಿರುತ್ತದೆ, ಆದರೆ ಕನೆಕ್ಟರಿನ ಲೋಹದ ಬಳೆಯೆಲ್ಲ ಫೇಸೇ ಆಗಿ ನಿಮ್ಮ ಅಂಗೈಯಲ್ಲಿರುತ್ತದೆ. ಆದ್ದರಿಂದ ಪೆಟ್ಟಿಗೆಯೊಳಗೆ ಪ್ರೋಬ್ ಸಿಕ್ಕಿಸುವುದು ಮೇನ್ಸ್ ತೆಗೆದ ಮೇಲೆ. ಕಡಿಮೆ ವೋಲ್ಟಿನ ಬದಿಗೆ ಮಾತ್ರ. ಆಮೇಲೆ ಮುಚ್ಚಳ ಮುಚ್ಚಿ, ಕೈ ಹಿಂದೆಗೆದು, ಪಂಪ್ ಚಾಲೂ ಮಾಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ, ಕೆಪಾಸಿಟರಿನಿಂದಲೇ ವೋಲ್ಟೇಜ್ ತಗ್ಗಿಸುವ ಅಗ್ಗದ ಸಪ್ಲೈ ಬಳಸಿದ್ದರೆ ನಿಮ್ಮ 5 ವೋಲ್ಟೂ ಮೇನ್ಸಿಗೆ ನೇರ ಜೋಡಣೆಯಾಗಿದೆ. ಅಂಥದ್ದಕ್ಕೆ ಪ್ರೋಬ್ ತಾಗಿಸಲೇಬೇಡಿ, ಮೊದಲು ಸಪ್ಲೈ ಬದಲಿಸಿ. ಹಂದಿ, ಮಂಗನ ಕಾಟಕ್ಕೆ ಹಾಕಿದ ಸೋಲಾರ್ ಬೇಲಿಯ ಮಿಡಿತ ಹೇಗಿದೆ ಎಂದು ನೋಡುವ ಆಸೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅದು ಸಾವಿರಗಟ್ಟಲೆ ವೋಲ್ಟಿನದ್ದು, ಅದರ ಹತ್ತಿರ ಇದನ್ನು ಒಯ್ಯಬೇಡಿ.

ಮೇನ್ಸಿನ ಅಲೆ ನೋಡಲೇಬೇಕೆಂದರೆ ಹಳೆಯ ರೇಡಿಯೊದ 9 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇದ್ದೇ ಇದೆ. ಅದರ ಸೆಕೆಂಡರಿಗೆ ಪ್ರೋಬ್ ಹಾಕಿದರೆ ತುದಿ ಹದಿನೈದು ವೋಲ್ಟಿನ ಒಳಗೆ ನಿಲ್ಲುತ್ತದೆ, ಮೇನ್ಸಿನಿಂದ ಪ್ರತ್ಯೇಕವೂ ಆಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದಾಗ ನಿಮ್ಮ ಮನೆಯ ಇನ್ವರ್ಟರ್ ನಿಜವಾಗಿ ಸೈನ್ ಕೊಡುತ್ತದೆಯೇ, ಮೆಟ್ಟಿಲಿನಂಥ ಚೌಕ ಕೊಟ್ಟು ಸೈನ್ ಎಂದು ಹೇಳುತ್ತದೆಯೇ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ.

ಡ್ರೈಯರಿನ ಸೆನ್ಸರ್ ಇನ್ನಷ್ಟು ರುಚಿಯ ಪ್ರಕರಣ. ಎಸ್‌ಎಚ್‌ಟಿ31 ಮಾತಾಡುವುದು ಐ2ಸಿ ಭಾಷೆಯಲ್ಲಿ. ಅದು ಒಂದೇ ಬೋರ್ಡಿನ ಮೇಲೆ ಚಿಪ್ಪಿನಿಂದ ಚಿಪ್ಪಿಗೆ ಓಡಾಡಲೆಂದು ಹುಟ್ಟಿದ್ದು, ಅಟ್ಟದಿಂದ ಜಗಲಿಗೆ ಎಳೆಯಲೆಂದಲ್ಲ. ತಂತಿಯ ಒಟ್ಟು ಕೆಪಾಸಿಟೆನ್ಸ್ 400 ಪಿಕೋಫ್ಯಾರಡ್ ಮೀರಬಾರದು ಎಂಬುದು ಅದರ ನಿಯಮ. ನೆಟ್‌ವರ್ಕ್ ಕೇಬಲ್ಲಿನಂಥ ತಿರುಚಿದ ಜೋಡಿ ತಂತಿಗೆ ಮೀಟರಿಗೆ ಸುಮಾರು 50 ಪಿಕೋಫ್ಯಾರಡ್ ಹಿಡಿದರೆ ಎಂಟು ಮೀಟರಿಗೇ ಲೆಕ್ಕ ಮುಗಿಯಿತು. ಐ2ಸಿಯಲ್ಲಿ ಸಂಕೇತವನ್ನು ಕೆಳಕ್ಕೆ ಎಳೆಯುವುದು ಚಿಪ್ಪು, ಮೇಲಕ್ಕೆ ಎತ್ತುವುದು ಒಂದು ಪುಲ್-ಅಪ್ ರೆಸಿಸ್ಟರ್. ಮಾಡ್ಯೂಲಿನ ಮೇಲೆ ಹೆಚ್ಚಾಗಿ ಇರುವುದು 10 ಕಿಲೋ ಓಮ್. ಹತ್ತು ಕಿಲೋ ಓಮಿನ ಮೂಲಕ 400 ಪಿಕೋಫ್ಯಾರಡ್ ತುಂಬಿ ಸಂಕೇತ ಮೇಲೇರುವುದಕ್ಕೆ ಸುಮಾರು 3.4 ಮೈಕ್ರೋಸೆಕೆಂಡ್ ಬೇಕು. 100 ಕಿಲೋಹರ್ಟ್ಸ್ ವೇಗದಲ್ಲಿ ನಿಯಮ ಒಪ್ಪುವುದು ಒಂದೇ ಮೈಕ್ರೋಸೆಕೆಂಡ್.

ಈಗ ಅಂಗೈಯ ಉಪಕರಣ ಏನು ತೋರಿಸುತ್ತದೆ ನೋಡಿ. ಅದರ ಸ್ವಂತ ನಿಧಾನ 1.75, ತಂತಿಯದ್ದು 3.4, ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಪರದೆಯ ಮೇಲೆ 3.8ರಷ್ಟು ಕಾಣುತ್ತದೆ. ಬಿಟ್ ಒಂದು ಮೇಲೇರಿ ತಲೆ ಚಪ್ಪಟೆಯಾಗುವ ಮೊದಲೇ ಕೆಳಗೆ ಬೀಳುತ್ತದೆ. ಶಾರ್ಕ್ ಮೀನಿನ ರೆಕ್ಕೆ ಎಂದು ರಿಪೇರಿಯವರು ಹೇಳುವ ಆಕಾರ ಅದೇ. ದೋಷ ಕಂಡಿತು, ನಂಬಬಹುದು. ನೀವು ಪುಲ್-ಅಪ್ಪನ್ನು 2.2 ಕಿಲೋ ಓಮಿಗೆ ಇಳಿಸುತ್ತೀರಿ. ನಿಜವಾದ ಏರಿಕೆ ಈಗ 0.75 ಮೈಕ್ರೋಸೆಕೆಂಡ್, ನಿಯಮದೊಳಗೆ ಬಂತು. ಪರದೆಯ ಮೇಲೆ 1.9. ಒಂದು ವೇಳೆ ತಂತಿ ಇನ್ನೂ ಉದ್ದವಿದ್ದು ನಿಜವಾದ ಏರಿಕೆ 1.2 ಆಗಿದ್ದರೆ? ಪರದೆಯ ಮೇಲೆ 2.1. ಮೊದಲನೆಯದು ಪಾಸು, ಎರಡನೆಯದು ನಪಾಸು. ನಿಮ್ಮ ಉಪಕರಣ ಒಂದು ಬಿಂದುವಿನಿಂದ ಮುಂದಿನದಕ್ಕೆ ಜಿಗಿಯುವುದೇ 0.4 ಮೈಕ್ರೋಸೆಕೆಂಡಿಗೊಮ್ಮೆ, ಅದಕ್ಕೆ ಈ ಎರಡರ ಭೇದ ತಿಳಿಯುವುದಿಲ್ಲ. ರೋಗವಿದೆ ಎಂದು ಹೇಳಬಲ್ಲದು, ಗುಣವಾಯಿತು ಎಂದು ಸರ್ಟಿಫಿಕೇಟ್ ಕೊಡಲಾರದು.

ಗಮನಿಸಿ, ಈ ಅಳತೆಗೆ ಪ್ರೋಬನ್ನು ಹತ್ತು ಪಟ್ಟಿನ ಸ್ಥಾನದಲ್ಲಿಟ್ಟೇ ನೋಡಬೇಕು. ಒಂದರ ಸ್ಥಾನದಲ್ಲಿ ಪ್ರೋಬಿನ ಕೇಬಲ್ಲೇ ನೂರು ಪಿಕೋಫ್ಯಾರಡಿನಷ್ಟು ಸೇರಿಸಿ, ಮೊದಲೇ ಕುಂಟುತ್ತಿರುವ ತಂತಿಯನ್ನು ಪೂರ್ತಿ ಮಲಗಿಸುತ್ತದೆ. ಉಪಕರಣದ ಜೊತೆ ಉಚಿತವಾಗಿ ಬರುವ ಮೊಸಳೆ ಕ್ಲಿಪ್ಪಿನ ತಂತಿ ಇನ್ನೂ ಕಡೆ. ಒಳ್ಳೆಯ ಪ್ರೋಬೊಂದನ್ನು ಬೇರೆಯಾಗಿ ಕೊಳ್ಳಿ. ಮುಂದೆ ದೊಡ್ಡ ಉಪಕರಣ ಬಂದಾಗಲೂ ಅದು ಕೈಗೆ ಬರುತ್ತದೆ. ಕೊಂಡ ದಿನವೇ ಒಂದು ಕಿಲೋಹರ್ಟ್ಸ್ ಚೌಕ ತರಂಗ ಕೊಟ್ಟು, ಪ್ರೋಬಿನ ಮೇಲಿರುವ ಪುಟ್ಟ ತಿರುಪನ್ನು ಚೌಕದ ತಲೆ ನೆಟ್ಟಗಾಗುವವರೆಗೆ ತಿರುಗಿಸಿ ಹೊಂದಿಸಿಕೊಳ್ಳಿ.

ನಿಮ್ಮ ಡ್ರೈಯರಿಗೆ ನನ್ನ ಸಲಹೆ ಬೇರೆಯೇ: ಪುಲ್-ಅಪ್ ಇಳಿಸುವುದರ ಜೊತೆಗೆ ಐ2ಸಿ ವೇಗವನ್ನು 20 ಕಿಲೋಹರ್ಟ್ಸ್‌ಗೆ ತಗ್ಗಿಸಿ. ಪ್ರೋಗ್ರಾಮಿನಲ್ಲಿ ಒಂದು ಸಾಲು. ಅಡಿಕೆ ಒಣಗುವುದಕ್ಕೆ ದಿನಗಟ್ಟಲೆ ಹಿಡಿಯುವಾಗ ಸೆನ್ಸರ್ ಕೆಲವು ಮಿಲಿಸೆಕೆಂಡ್ ತಡಮಾಡಿದರೆ ನಷ್ಟವಿಲ್ಲ. ವೇಗ ತಗ್ಗಿಸಿದ ಮೇಲೆ ಏರಿಕೆಗೆ ಬೇಕಾದಷ್ಟು ಸಮಯ ಸಿಗುತ್ತದೆ, ಸಣ್ಣ ಉಪಕರಣದ ನಿಧಾನವೂ ಅಡ್ಡಿಯಾಗುವುದಿಲ್ಲ.

ತಂತಿಯ ಮೇಲೆ ಯಾವ ಬಿಟ್ ಹೋಯಿತು, ಸೆನ್ಸರ್ ಉತ್ತರ ಕೊಟ್ಟಿತೇ ಎಂದು ಓದುವುದಕ್ಕೆ ಆಸಿಲೋಸ್ಕೋಪ್ ತಕ್ಕ ಸಾಧನವಲ್ಲ. ಒಂದೇ ಚಾನೆಲ್ಲಿನದ್ದಂತೂ ಅಲ್ಲ, ಏಕೆಂದರೆ ಐ2ಸಿಗೆ ಗಡಿಯಾರ ಮತ್ತು ಡೇಟಾ ಎರಡೂ ಜೊತೆಗೆ ಕಾಣಬೇಕು. ಅದಕ್ಕೆ ಯುಎಸ್‌ಬಿಗೆ ಸಿಕ್ಕಿಸುವ ಎಂಟು ಚಾನೆಲ್ಲಿನ 24 ಮೆಗಾಹರ್ಟ್ಸ್ ಲಾಜಿಕ್ ಅನಲೈಸರ್ ಎಂಬ ಬೆಂಕಿಪೊಟ್ಟಣದಷ್ಟು ವಸ್ತು ಸಿಗುತ್ತದೆ. ಆಸಿಲೋಸ್ಕೋಪಿನ ಬೆಲೆಯಲ್ಲಿ ಒಂದು ಪಾಲಷ್ಟೇ. ಪಲ್ಸ್‌ವ್ಯೂ ಎಂಬ ಉಚಿತ ತಂತ್ರಾಂಶದ ಜೊತೆ ಅದು ಐ2ಸಿ, ಯುಎಆರ್‌ಟಿ, ಎಸ್‌ಪಿಐ ಮುಂತಾದ ಚಿಪ್ಪುಗಳ ಭಾಷೆಗಳೆಲ್ಲವನ್ನೂ ಬಿಡಿಸಿ ಅಂಕಿಗಳಾಗಿ ಬರೆದು ಕೊಡುತ್ತದೆ. ಅದಕ್ಕೆ ಕಾಣುವುದು ಸೊನ್ನೆ ಮತ್ತು ಒಂದು ಮಾತ್ರ. ಮೇಲೆ ಹೇಳಿದ ಶಾರ್ಕ್ ರೆಕ್ಕೆ ಕಾಣುವುದಿಲ್ಲ. ಎರಡೂ ಇದ್ದರೆ ಒಂದರ ಕುರುಡು ಇನ್ನೊಂದಕ್ಕೆ ತೋರುತ್ತದೆ. ಮೈಕ್ರೋಕಂಟ್ರೋಲರ್ ಹವ್ಯಾಸಿಗೆ ಈ ಜೋಡಿ ಬಹಳ ದೂರ ನಡೆಸುತ್ತದೆ.

ಮೈಕ್ ಸೆಟ್‌ನ ಆಂಪ್ಲಿಫೈಯರ್ ವಿಷಯದಲ್ಲಿ ನಿಮ್ಮ ಮೂರು ಸಾವಿರಕ್ಕೆ ಪೂರ್ತಿ ಬೆಲೆ ಬರುತ್ತದೆ. ಕಿವಿ ಕೇಳುವುದೇ 20 ಕಿಲೋಹರ್ಟ್ಸ್‌ವರೆಗೆ. ಭಾಗವತರ ದನಿಯಿರಲಿ, ಚಂಡೆಯ ಪೆಟ್ಟಿರಲಿ, ಎಲ್ಲವೂ ಇದರ ಹದ್ದಿನೊಳಗೆ. ಇಎಸ್‌ಪಿ32ರಿಂದಲೋ ಮೊಬೈಲಿನ ಆ್ಯಪಿನಿಂದಲೋ ಒಂದು ಕಿಲೋಹರ್ಟ್ಸ್ ಸಂಕೇತ ಕೊಟ್ಟು ವಾಲ್ಯೂಮ್ ಏರಿಸುತ್ತ ಹೋದರೆ ಅಲೆಯ ತಲೆ ಎಲ್ಲಿ ಕತ್ತರಿಸಿಕೊಳ್ಳುತ್ತದೆ, ಮೇಲೂ ಕೆಳಗೂ ಸಮನಾಗಿ ಕತ್ತರಿಸಿಕೊಳ್ಳುತ್ತದೆಯೇ ಎಂಬುದು ಕಾಣುತ್ತದೆ. ಒಂದೇ ಬದಿ ಕತ್ತರಿಸಿದರೆ ಔಟ್‌ಪುಟ್ ಟ್ರಾನ್ಸಿಸ್ಟರುಗಳ ಜೋಡಿಯಲ್ಲಿ ಒಂದು ಸೋತಿದೆ. ಗೊಂಯ್ ಎನ್ನುವ ಗುಂಯ್‌ಗಾಟಕ್ಕೆ ಸಪ್ಲೈಯ ಮೇಲೆ ಎಸಿ ಕಪ್ಲಿಂಗಿನಲ್ಲಿ (ಏರಿಳಿತ ಮಾತ್ರ ಕಾಣುವ ಸ್ಥಾನದಲ್ಲಿ) ನೋಡಿ. 100 ಹರ್ಟ್ಸ್‌ನ ಗರಗಸ ದೊಡ್ಡದಾಗಿದ್ದರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ. 50 ಹರ್ಟ್ಸ್‌ನದ್ದಾದರೆ ಬ್ರಿಡ್ಜಿನ ಒಂದು ಡಯೋಡ್ ಹೋಗಿದೆ. ಸಪ್ಲೈ ಶುದ್ಧವಿದ್ದು ಔಟ್‌ಪುಟ್‌ನಲ್ಲಿ ಮಾತ್ರ 50 ಹರ್ಟ್ಸ್ ಇದ್ದರೆ ಮೈಕಿನ ಕೇಬಲ್ಲಿನ ಶೀಲ್ಡು ಎಲ್ಲೋ ಬಿಟ್ಟಿದೆ. ಇಷ್ಟು ಪತ್ತೆ ಮಾಡುವುದಕ್ಕೆ ಲಕ್ಷ ರೂಪಾಯಿಯ ಉಪಕರಣ ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ.

ಈಚಿನ ಹಗುರ ಆಂಪ್ಲಿಫೈಯರುಗಳು ಬಂದರೆ ಎಚ್ಚರ. ಟಿಪಿಎ3116ರಂಥ ಕ್ಲಾಸ್ ಡಿ (ಬೇಗ ಬೇಗ ಆನ್-ಆಫ್ ಮಾಡಿ ದನಿ ಹೊರಡಿಸುವ) ಚಿಪ್ಪು 400 ಕಿಲೋಹರ್ಟ್ಸ್‌ನ ಆಸುಪಾಸಿನಿಂದ ಆರಂಭಿಸಿ ಸ್ವಿಚ್ ಆಗುತ್ತದೆ. ಆ ಸ್ವಿಚಿಂಗ್ ಬಗ್ಗೆ ಸಣ್ಣ ಉಪಕರಣದ ಮಾತು ಕೇಳಬೇಡಿ. ಅದಕ್ಕಿಂತ ಮುಖ್ಯವಾಗಿ, ಇವುಗಳ ಸ್ಪೀಕರಿನ ಎರಡು ತುದಿಗಳಲ್ಲಿ ಯಾವುದೂ ಗ್ರೌಂಡ್ ಅಲ್ಲ. ಒಂದಕ್ಕೆ ನೆಲದ ಕ್ಲಿಪ್ ಹಾಕಿ, ಉಪಕರಣವನ್ನು ಲ್ಯಾಪ್‌ಟಾಪಿನಿಂದ ಚಾರ್ಜ್ ಮಾಡುತ್ತಿದ್ದರೆ ಆ ತುದಿ ಅರ್ಥಿಗೆ ಸೇರಿ ಚಿಪ್ಪು ಸುಡಬಹುದು, ಏಕೆಂದರೆ ಮೂರು ಪಿನ್ನಿನ ಅನೇಕ ಲ್ಯಾಪ್‌ಟಾಪ್ ಅಡಾಪ್ಟರುಗಳಲ್ಲಿ ಔಟ್‌ಪುಟ್‌ನ ನೆಗೆಟಿವ್ ಅರ್ಥಿಗೆ ಜೋಡಿಸಿರುತ್ತದೆ. ಕ್ಲಿಪ್ಪನ್ನು ಬೋರ್ಡಿನ ಗ್ರೌಂಡಿಗೇ ಹಾಕಿ, ತುದಿಗಳನ್ನು ಒಂದೊಂದಾಗಿ ಎಸಿ ಕಪ್ಲಿಂಗಿನಲ್ಲಿ ನೋಡಿ. ಅಳೆಯುವಾಗ ಚಾರ್ಜರ್ ಕಿತ್ತಿಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಬೇಗ ಬೇಗ ಆನ್-ಆಫ್ ಆಗುತ್ತ ವೋಲ್ಟೇಜ್ ತಗ್ಗಿಸುವ ಸ್ವಿಚಿಂಗ್ ರೆಗ್ಯುಲೇಟರಿನ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮ್ಮ ಪೆಟ್ಟಿಗೆಯಲ್ಲಿ ಎಲ್‌ಎಂ2596ರ ನೀಲಿ ಬೋರ್ಡು ಇರುವ ಸಾಧ್ಯತೆ ಬಹಳ. ಅಸಲಿ ಚಿಪ್ಪು 150 ಕಿಲೋಹರ್ಟ್ಸ್‌ನಲ್ಲಿ ನಡೆಯುತ್ತದೆ. ಮಾರುಕಟ್ಟೆಯಲ್ಲಿ ಅದೇ ಹೆಸರು ಅಚ್ಚೊತ್ತಿಕೊಂಡ ಅನೇಕ ನಕಲಿಗಳು 50ರ ಆಸುಪಾಸಿನಲ್ಲಿ ನಡೆಯುತ್ತವೆ. ಆವರ್ತನ ಓದಿ ಅಸಲಿ-ನಕಲಿ ಹೇಳುವುದು ಈ ಪುಟ್ಟ ಉಪಕರಣಕ್ಕೆ ಸಲೀಸು. ರಿಪಲ್ (ಹೊರಬರುವ ವೋಲ್ಟೇಜಿನಲ್ಲಿ ಉಳಿಯುವ ಏರಿಳಿತ) ಎಷ್ಟು ಎಂಬ ಅಂಕಿ ಮಾತ್ರ ನಿಜಕ್ಕಿಂತ ಕಡಿಮೆಯೇ ಬರುತ್ತದೆ. ಸ್ವಿಚ್ ಆಗುವ ಕ್ಷಣದ ಮುಳ್ಳುಗಳು ಇದಕ್ಕೆ ಕಾಣುವುದಿಲ್ಲ.

ಹಾಗಾದರೆ ಹತ್ತು ಹದಿನೈದು ಸಾವಿರ ಕೂಡಿಸಿ 40 ಮೆಗಾಹರ್ಟ್ಸ್‌ನ ಎರಡು ಚಾನೆಲ್ಲಿನದ್ದನ್ನೇ ಕೊಳ್ಳಬಾರದೇ? ಓವನ್ ಎಚ್‌ಡಿಎಸ್242, ಹ್ಯಾಂಟೆಕ್ 2ಸಿ42ರಂಥ ಕೈಯಲ್ಲಿ ಹಿಡಿಯುವ ಉಪಕರಣಗಳು ಆ ವರ್ಗದವು; ಜೊತೆಗೆ ಮಲ್ಟಿಮೀಟರೂ ಇರುತ್ತದೆ. ಮೇಲಿನ ಐ2ಸಿ ಲೆಕ್ಕದ ಪಾಸು ನಪಾಸನ್ನು ಅವು ಕಣ್ಣುಮುಚ್ಚಿ ಹೇಳುತ್ತವೆ. ಅವುಗಳ ಸ್ವಂತ ಏರಿಕೆ 9 ನ್ಯಾನೋಸೆಕೆಂಡಿನೊಳಗೆ. ಅಡಿಕೆ ಮಾರಾಟದ ದುಡ್ಡು ಬಂದ ಮೇಲೆ ಅದನ್ನು ಯೋಚಿಸಿ. ಈಗಲೇ ಸಾಲ ಮಾಡಿ ಕೊಳ್ಳುವಂಥ ಕೆಲಸ ನಿಮ್ಮ ಪಟ್ಟಿಯಲ್ಲಿಲ್ಲ. ನಾನು ಬೇಡವೆನ್ನುವುದು ನಡುವಿನ ತರಗತಿಯನ್ನು: ಐದಾರು ಸಾವಿರಕ್ಕೆ ‘ನೂರು ಮೆಗಾ’ ಎಂದು ಬರೆದುಕೊಂಡು ಬರುವವು. ಮೂರು ಸಾವಿರದ್ದು ತಾನು 200 ಕಿಲೋ ಎಂದು ಒಪ್ಪಿಕೊಳ್ಳುತ್ತದೆ, ಅದರ ಮಿತಿಯಲ್ಲಿ ಕೆಲಸ ತೆಗೆಯಬಹುದು. ಮಿತಿಯನ್ನೇ ಮುಚ್ಚಿಡುವ ಉಪಕರಣದ ಜೊತೆ ಸಂಸಾರ ಕಷ್ಟ. ಕಾಲೇಜುಗಳು ಹರಾಜು ಹಾಕುವ, ಹಳೆ ಟಿವಿಯಂಥ ಗಾಜಿನ ಟ್ಯೂಬಿರುವ ಹಳೆಯ 20 ಮೆಗಾಹರ್ಟ್ಸ್ ಸಿಆರ್‌ಓ ಸಿಕ್ಕರೆ ಅದೂ ಒಳ್ಳೆಯದೇ. ಆದರೆ ಒಮ್ಮೆ ಮಾತ್ರ ಬಂದು ಹೋಗುವ ನಿಮ್ಮ ವೋಲ್ಟೇಜ್ ಕುಸಿತವನ್ನು ಅದು ಹಿಡಿದಿಡಲಾರದು.

ಯಾವುದನ್ನೇ ತರಿಸಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಪರೀಕ್ಷೆ ನೀವೇ ಮಾಡಬಹುದು. ಇಎಸ್‌ಪಿ32ರ ಪಿಡಬ್ಲ್ಯೂಎಂನಿಂದ ಒಂದು ಕಿಲೋಹರ್ಟ್ಸ್ ಚೌಕ ತರಂಗ ಹೊರಡಿಸಿ. ಪ್ರೋಬಿನ ನೆಲದ ತಂತಿ ಆದಷ್ಟು ಗಿಡ್ಡ ಇರಲಿ. ಟೈಂಬೇಸ್ ಪೂರ್ತಿ ಚುರುಕಾಗಿಸಿ, ಏರುವ ಅಂಚು ಹತ್ತನೆಯ ಒಂದು ಎತ್ತರದಿಂದ ಹತ್ತನೆಯ ಒಂಬತ್ತಕ್ಕೆ ಹೋಗಲು ಎಷ್ಟು ಹೊತ್ತು ತೆಗೆದುಕೊಂಡಿತು ನೋಡಿ. 0.35 ಅನ್ನು ಆ ಸಮಯದಿಂದ ಭಾಗಿಸಿ. 1.75 ಮೈಕ್ರೋಸೆಕೆಂಡ್ ಬಂದರೆ 200 ಕಿಲೋಹರ್ಟ್ಸ್, ಹೇಳಿದ ಮಾತು ನಿಜ. ‘ನೂರು ಮೆಗಾ’ದವನಲ್ಲಿ 12 ನ್ಯಾನೋಸೆಕೆಂಡ್ ಬಂದರೆ ಅದು ಮೂವತ್ತೂ ಇಲ್ಲ, ವಾಪಸ್ ಕಳಿಸಿ. ಕೊಳ್ಳುವ ಮುನ್ನ ‘ನಾರ್ಮಲ್’ ಮತ್ತು ‘ಸಿಂಗಲ್’ ಟ್ರಿಗರ್ ಇದೆಯೇ, ಎಸಿ-ಡಿಸಿ ಕಪ್ಲಿಂಗ್ ಎರಡೂ ಇದೆಯೇ, ಕನೆಕ್ಟರ್ ಸಾಮಾನ್ಯ ಪ್ರೋಬ್ ಕೂರುವ ಬಿಎನ್‌ಸಿಯೇ ಎಂದು ನೋಡಿ. ಸಿಂಗಲ್ ಇಲ್ಲದಿದ್ದರೆ ನಿಮ್ಮ ಪಂಪಿನ ಕೆಲಸಕ್ಕೆ ಅದು ನಿರುಪಯೋಗಿ. ಮತ್ತೆ ನಮ್ಮ ಜಿಲ್ಲೆಯ ಮಾತು: ಮಳೆಗಾಲದಲ್ಲಿ ಘಟ್ಟದ ಮೇಲೆ ಬೂಷ್ಟು, ಕರಾವಳಿಯಲ್ಲಿ ಉಪ್ಪುಗಾಳಿ. ಕಾರವಾರದ ನನ್ನ ಬೆಂಚಿನಲ್ಲಿ ಪ್ರೋಬಿನ ತುದಿ ಹಸಿರುಗಟ್ಟುವುದು ಒಂದೇ ಮಳೆಗಾಲದ ಕೆಲಸ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ಇನ್ನು ತದಡಿಯ ಸ್ನೇಹಿತನ ಫಿಶ್ ಫೈಂಡರ್. ಅವು ಸಾಮಾನ್ಯವಾಗಿ 50 ಮತ್ತು 200 ಕಿಲೋಹರ್ಟ್ಸ್‌ನಲ್ಲಿ ಸಮುದ್ರದ ತಳಕ್ಕೆ ಶಬ್ದ ಕಳುಹಿಸುತ್ತವೆ. 50 ನಿಮ್ಮ ಉಪಕರಣದಲ್ಲಿ ಬಹುತೇಕ ಪೂರ್ತಿ ಕಾಣುತ್ತದೆ, 200 ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ. ತೊಂದರೆ ಆವರ್ತನದ್ದಲ್ಲ. ಟ್ರಾನ್ಸ್‌ಡ್ಯೂಸರಿಗೆ ಹೋಗುವ ಮಿಡಿತ ನೂರಾರು ವೋಲ್ಟ್ ಮುಟ್ಟುತ್ತದೆ, ಅದಕ್ಕೆ ಪ್ರೋಬ್ ಸಿಕ್ಕಿಸಬೇಡಿ. ಪ್ರೋಬಿನ ನೆಲದ ಕ್ಲಿಪ್ಪನ್ನು ಅದರ ತುದಿಗೇ ಕಚ್ಚಿಸಿ ಉಂಗುರ ಮಾಡಿ, ಆ ಉಂಗುರವನ್ನು ಪೆಟ್ಟಿಗೆಯೊಳಗಿನ ಔಟ್‌ಪುಟ್ ಕಾಯಿಲಿನ ಬಳಿಗೆ, ಲೋಹ ತಾಗದಂತೆ ಹಿಡಿಯಿರಿ. ಗೆರೆಯೊಂದಕ್ಕೆ 10 ಮಿಲಿವೋಲ್ಟ್, ಟ್ರಿಗರ್ ನಾರ್ಮಲ್. ಆಗಾಗ ಒಂದು ಗೊಂಚಲು ಅಲೆ ಬಂದು ಹೋಗುತ್ತಿದ್ದರೆ ಕಳುಹಿಸುವ ಭಾಗ ಬದುಕಿದೆ. ಕನೆಕ್ಟರ್ ಬಿಚ್ಚಿ ಉಪ್ಪು ನೀರು ಹೊಕ್ಕಿದೆಯೇ, ಕೇಬಲ್ ದೋಣಿಯ ಅಂಚಿಗೆ ಉಜ್ಜಿ ಹರಿದಿದೆಯೇ ನೋಡಿ. ಗೊಂಚಲು ಕಾಣದಿದ್ದರೆ ಉಂಗುರವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ನೋಡಿ. ಆಗಲೂ ಕಾಣಲಿಲ್ಲವೆಂದು ಪೆಟ್ಟಿಗೆ ಸತ್ತಿದೆ ಎಂದು ಸ್ನೇಹಿತನಿಗೆ ಹೇಳಿಬಿಡಬೇಡಿ. ಸರಿಯಾಗಿ ಓಡುತ್ತಿರುವ ಇನ್ನೊಂದು ದೋಣಿಯ ಪೆಟ್ಟಿಗೆಗೂ ಅದೇ ಉಂಗುರ ಹಿಡಿದು ಹೋಲಿಸಿ, ಆಮೇಲೆ ಹೇಳಿ.